ಭಾನುವಾರ ಮಧ್ಯಾಹ್ನಕ್ಕೂ ಕಾಲಲ್ಲಿ ಕಸುವಿರಲಿ: ಕಾಲೇಜು ಫ್ರಿಸ್ಬೀ ತಂಡಕ್ಕೊಂದು ಟೂರ್ನಮೆಂಟ್ ಮಾರ್ಗದರ್ಶಿ

ಕಾಲೇಜು ತಂಡಗಳು ವಾರಾಂತ್ಯದ ಟೂರ್ನಮೆಂಟಿನಲ್ಲಿ ಕೈಚೆಲ್ಲುವುದು ಸಾಮಾನ್ಯವಾಗಿ ಭಾನುವಾರ ಮಧ್ಯಾಹ್ನ. ಶನಿವಾರ ಬೆಳಗ್ಗೆ ಎಲ್ಲರೂ ಪ್ರತಿ ಡಿಸ್ಕಿಗೂ (ಎಸೆಯುವ ಫ್ರಿಸ್ಬೀ ತಟ್ಟೆಗೂ) ಹಾರಿ ಬೀಳುತ್ತಾರೆ. ಅದೇ ಹುಡುಗ ಹುಡುಗಿಯರು ಮಾರನೇ ದಿನ ಎರಡು ಗಂಟೆ ಬಿಸಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿರುತ್ತಾರೆ. ಎದುರಾಳಿ ಪಕ್ಕದಲ್ಲೇ ಓಡಿಹೋದರೂ ಬೆನ್ನಟ್ಟಲು ಆಗುವುದಿಲ್ಲ. ಒಂದೇ ರಾತ್ರಿಯಲ್ಲಿ ಯಾರಿಗೂ ಎಸೆಯುವುದು ಮರೆತುಹೋಗುವುದಿಲ್ಲ ಅಲ್ವಾ? ನೀರು, ಊಟ, ನಿದ್ದೆ, ನೆರಳು, ಆಟಗಾರರ ಸರದಿ, ಇವುಗಳ ಲೆಕ್ಕ ತಪ್ಪಿರುತ್ತದೆ, ಅಷ್ಟೇ.

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಹೊರಡುವ ತಂಡಕ್ಕೆ ಈ ಲೆಕ್ಕ ಇನ್ನೂ ಮುಖ್ಯ. ಬೆಂಗಳೂರು, ಚೆನ್ನೈನ ಕ್ಲಬ್ಬುಗಳಲ್ಲಿ ವರ್ಷಾನುಗಟ್ಟಲೆ ಆಡಿ ಪಳಗಿದವರಿರುತ್ತಾರೆ. ಅವರ ಕೈಚಳಕಕ್ಕೆ ಮೊದಲ ವರ್ಷವೇ ಸರಿಸಾಟಿ ಆಗುವುದು ಕಷ್ಟ. ಆದರೆ ಎರಡು ದಿನ ಸಮನಾಗಿ ಓಡುವುದು ನಮ್ಮ ಕೈಲಾಗುವ ಕೆಲಸ. ಈ ಬರಹ ಅದಕ್ಕಾಗಿ.

ಆಟ ಹೊಸದಾಗಿದ್ದರೆ

ಅಲ್ಟಿಮೇಟ್, ಅಂದರೆ ತಂಡಗಳಾಗಿ ಆಡುವ ಫ್ರಿಸ್ಬೀ ಆಟ, ಶುರುವಾಗಿದ್ದು 1968ರಲ್ಲಿ, ಅಮೆರಿಕದ ನ್ಯೂಜೆರ್ಸಿಯ ಮೇಪಲ್‌ವುಡ್‌ನ ಒಂದು ಹೈಸ್ಕೂಲಿನಲ್ಲಿ. ಹುಲ್ಲಿನ ಮೈದಾನದಲ್ಲಿ ಏಳು ಜನರ ಎರಡು ತಂಡ. ಮೈದಾನದ ಉದ್ದ 100 ಮೀಟರ್, ಅಗಲ 37 ಮೀಟರ್. ಎರಡೂ ತುದಿಯಲ್ಲಿ 18 ಮೀಟರ್ ಆಳದ ಎಂಡ್ ಝೋನ್. ಎದುರಾಳಿಯ ಎಂಡ್ ಝೋನಿನೊಳಗೆ ನಮ್ಮವರು ಡಿಸ್ಕ್ ಹಿಡಿದರೆ ಒಂದು ಪಾಯಿಂಟ್. ಡಿಸ್ಕ್ ಕೈಯಲ್ಲಿದ್ದಾಗ ಓಡುವಂತಿಲ್ಲ, ಹತ್ತು ಎಣಿಸುವುದರೊಳಗೆ ಎಸೆಯಬೇಕು. ನೆಲಕ್ಕೆ ಬಿದ್ದರೆ, ಗೆರೆ ದಾಟಿದರೆ, ಎದುರಾಳಿ ಹಿಡಿದರೆ ಡಿಸ್ಕ್ ಅವರದು. ಡಿಸ್ಕಿನ ತೂಕ 175 ಗ್ರಾಂ. ಆಟಿಕೆ ಅಂಗಡಿಯ ಹಗುರ ತಟ್ಟೆ ಇದಕ್ಕೆ ನಡೆಯುವುದಿಲ್ಲ, ಸಣ್ಣ ಗಾಳಿಗೂ ಹಾರಿಹೋಗುತ್ತದೆ. ಪೂರ್ಣ ಪಂದ್ಯ 15 ಪಾಯಿಂಟಿಗೆ, 8ಕ್ಕೆ ಹಾಫ್ ಟೈಮ್. ವಾರಾಂತ್ಯದ ಟೂರ್ನಮೆಂಟುಗಳಲ್ಲಿ ಸಮಯದ ಮಿತಿ ಹಾಕಿ ಚಿಕ್ಕದಾಗಿ ಆಡಿಸುವುದೇ ಜಾಸ್ತಿ. ರೆಫರಿ ಇರುವುದಿಲ್ಲ. ಫೌಲ್ ಆಯಿತೋ ಇಲ್ಲವೋ ಎಂದು ಆಡುವವರೇ ಮಾತಾಡಿ ತೀರ್ಮಾನಿಸುತ್ತಾರೆ.

ತಂಡ ಕಟ್ಟುವಾಗ ಮೊದಲು ಹುಡುಗಿಯರನ್ನು ಎಣಿಸಿ

ನಮ್ಮಲ್ಲಿ ನಡೆಯುವ ಬಹಳಷ್ಟು ಟೂರ್ನಮೆಂಟುಗಳು ಮಿಕ್ಸೆಡ್. ಅಂತರರಾಷ್ಟ್ರೀಯ ನಿಯಮದಲ್ಲಿ ಏಳು ಜನರಲ್ಲಿ ನಾಲ್ವರು ಹುಡುಗರು, ಮೂವರು ಹುಡುಗಿಯರು, ಅಥವಾ ನಾಲ್ವರು ಹುಡುಗಿಯರು, ಮೂವರು ಹುಡುಗರು. ಮೊದಲ ಪಾಯಿಂಟ್ ಆದ ಮೇಲೆ ಎರಡೆರಡು ಪಾಯಿಂಟಿಗೊಮ್ಮೆ ಈ ಅನುಪಾತ ಅದಲುಬದಲಾಗುತ್ತದೆ. ನಿಮ್ಮ ಟೂರ್ನಮೆಂಟಿನ ಅನುಪಾತ ಏನು ಎಂದು ನೋಂದಣಿಗೆ ಮುಂಚೆಯೇ ಕೇಳಿಕೊಳ್ಳಿ.

ಇಲ್ಲಿ ಒಂದು ಲೆಕ್ಕ ಹಾಕಿ ನೋಡೋಣ. ನಿಮ್ಮ ತಂಡದಲ್ಲಿ ಎಂಟು ಹುಡುಗರು, ನಾಲ್ಕೇ ಹುಡುಗಿಯರು ಇದ್ದಾರೆ ಎಂದುಕೊಳ್ಳಿ. ಪಂದ್ಯ 15-9ಕ್ಕೆ ಮುಗಿಯಿತು, ಒಟ್ಟು 24 ಪಾಯಿಂಟ್. ಅನುಪಾತ ಬದಲಾಗುತ್ತಾ ಹೋದರೆ ಪ್ರತಿ ಹುಡುಗಿ ಸುಮಾರು 21 ಪಾಯಿಂಟ್ ಆಡಿರುತ್ತಾಳೆ, ಪ್ರತಿ ಹುಡುಗ 10-11 ಮಾತ್ರ. ಅಂದರೆ ಹುಡುಗಿಯರು ಎರಡರಷ್ಟು ಓಡಿದ್ದಾರೆ. ಶನಿವಾರ ಇಂಥ ಮೂರು ಪಂದ್ಯ ಆಡಿದ ಮೇಲೆ ಭಾನುವಾರ ಅವರ ಕಾಲಿನ ಗತಿ ಏನು? ಹಾಗಾಗಿ ಏಳು ಹುಡುಗಿಯರಾದರೂ ಇರಲಿ. ಎಂಟಾದರೆ ಇನ್ನೂ ಒಳ್ಳೆಯದು. ಹದಿನೈದು, ಹದಿನಾರು ಜನರ ತಂಡ ಎರಡು ದಿನಕ್ಕೆ ಸರಿಯಾದ ಅಳತೆ.

ಕರೆತರುವುದು ಹೇಗೆ? ಖೋಖೋ, ಥ್ರೋಬಾಲ್ ಆಡಿದ ಹುಡುಗಿಯರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಖೋಖೋ ಆಡಿದವರಿಗೆ ದಿಕ್ಕು ಬದಲಿಸಿ ಓಡುವುದು ನೀರು ಕುಡಿದಷ್ಟು ಸಲೀಸು, ಅವರಿಗೆ ಎಸೆಯುವುದೊಂದನ್ನು ಕಲಿಸಿದರೆ ಸಾಕು. ಪಿಯುಸಿ ಮುಗಿದ ಮೇಲೆ ಆಟ ಬಿಟ್ಟವರೇ ಇವರಲ್ಲಿ ಹೆಚ್ಚು. ನೇರವಾಗಿ ಹೋಗಿ ಕೇಳಿ. ಊರಾಚೆ ಎರಡು ರಾತ್ರಿ ಎಂದಾಗ ಮನೆಯಲ್ಲಿ ಪ್ರಶ್ನೆಗಳು ಬರುತ್ತವೆ, ಬರಬೇಕು ಕೂಡ. ಉತ್ತರ ಮೊದಲೇ ತಯಾರಿರಲಿ: ಎಲ್ಲಿ ಉಳಿಯುತ್ತೇವೆ, ಯಾವ ಗಾಡಿಯಲ್ಲಿ ಹೋಗುತ್ತೇವೆ, ಜೊತೆಗೆ ಬರುವ ಮೇಡಂ ಯಾರು, ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು. ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ಅಪ್ಪ ಅಮ್ಮಂದಿರ ಅರ್ಧ ಆತಂಕ ಅಲ್ಲೇ ಇಳಿಯುತ್ತದೆ. ಮನೆಯವರನ್ನು ಒಂದು ದಿನ ಪ್ರಾಕ್ಟೀಸಿಗೆ ಕರೆದರೆ ಉಳಿದರ್ಧವೂ ಇಳಿಯುತ್ತದೆ.

ಆಷಾಢದ ಗಾಳಿಯಲ್ಲಿ ಕಲಿಯಿರಿ

ನಮ್ಮ ಊರುಗಳಿಗೆ ಇರುವ ಒಂದು ದೊಡ್ಡ ಅನುಕೂಲ ಗಾಳಿ. ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಪಡುವಣದ ಗಾಳಿ ಬಯಲಿನಲ್ಲಿ ಬೀಸುವ ರಭಸ ನಿಮಗೆಲ್ಲ ಗೊತ್ತು. ಆ ತಿಂಗಳಲ್ಲಿ ಡಿಸ್ಕ್ ಒಳಗಿಟ್ಟು ಒಳಾಂಗಣದಲ್ಲಿ ಅಭ್ಯಾಸ ಮಾಡುವ ತಂಡಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಳಿಯಲ್ಲಿ ಎಸೆಯಲು ಬರುವ ತಂಡಕ್ಕೆ ತನಗಿಂತ ಬಲವಾದ ತಂಡವನ್ನೂ ಕಟ್ಟಿಹಾಕಲು ಬರುತ್ತದೆ.

ಎದುರು ಗಾಳಿಗೆ ಎಸೆದ ಡಿಸ್ಕ್ ಮೇಲೇಳುತ್ತದೆ. ಮೂತಿ, ಅಂದರೆ ಡಿಸ್ಕಿನ ಮುಂದಿನ ಅಂಚು, ಸ್ವಲ್ಪ ಮೇಲಿದ್ದರಂತೂ ಗಾಳಿಯಲ್ಲೇ ನಿಂತು, ಎಸೆದವರ ಕಡೆಗೇ ವಾಪಸ್ ಬರುತ್ತದೆ. ಆದ್ದರಿಂದ ಮೂತಿ ಕೆಳಗಿರಲಿ, ಡಿಸ್ಕ್ ಸೊಂಟದ ಕೆಳಗಿಂದ ಹೊರಡಲಿ, ಮಣಿಕಟ್ಟಿನ ತಿರುಗು ಜಾಸ್ತಿ ಇರಲಿ. ಗಾಳಿಯನ್ನು ಸೀಳಲು ತೋಳಿನ ಬಲ ಹೆಚ್ಚಿಸುವವರು ಬಹಳ. ಅದರಿಂದ ಡಿಸ್ಕ್ ನಡುಗುತ್ತದೆ ಅಷ್ಟೇ. ಡಿಸ್ಕನ್ನು ಸ್ಥಿರವಾಗಿ ಇಡುವುದು ತಿರುಗುವ ವೇಗ. ಬೆನ್ನ ಗಾಳಿಯಲ್ಲಿ ಇದರ ಉಲ್ಟಾ: ಡಿಸ್ಕಿಗೆ ಎತ್ತುವ ಬಲ ಕಡಿಮೆಯಾಗಿ ಬೇಗ ಕೆಳಗಿಳಿಯುತ್ತದೆ, ಸ್ವಲ್ಪ ಎತ್ತರ ಕೊಟ್ಟೇ ಕಳಿಸಬೇಕು. ಅಡ್ಡಗಾಳಿ ಡಿಸ್ಕಿನ ಹೊಟ್ಟೆಗೆ ಹೊಡೆದರೆ ಮೇಲೆತ್ತಿ ಹೊತ್ತೊಯ್ಯುತ್ತದೆ, ಬೆನ್ನಿಗೆ ಹೊಡೆದರೆ ನೆಲಕ್ಕೆ ಒತ್ತುತ್ತದೆ. ಇಬ್ಬರು ಹದಿನೈದು ಮೀಟರ್ ದೂರದಲ್ಲಿ ನಿಂತು ದಿನಾ ಅರ್ಧ ಗಂಟೆ ಎಸೆದು ಹಿಡಿಯಲಿ. ಹದಿನೈದು ನಿಮಿಷಕ್ಕೆ ಜಾಗ ಬದಲಿಸಲಿ. ಒಂದು ಆಷಾಢ ಹೀಗೆ ಮಾಡಿದ ಜೋಡಿ ಶ್ರಾವಣದಲ್ಲಿ ಬೇರೆಯೇ ಆಟಗಾರರಾಗಿರುತ್ತಾರೆ.

ಗಾಳಿಯಲ್ಲಿ ಪಾಯಿಂಟಿನ ಲೆಕ್ಕವೂ ಬದಲಾಗುತ್ತದೆ. ಪಾಯಿಂಟ್ ಗಳಿಸಿದ ತಂಡ ಅದೇ ತುದಿಯಲ್ಲಿ ಉಳಿದು, ಅಲ್ಲಿಂದಲೇ ಡಿಸ್ಕನ್ನು ಎದುರು ತಂಡಕ್ಕೆ ಎಸೆಯುತ್ತದೆ. ನೀವು ಬೆನ್ನ ಗಾಳಿಯಲ್ಲಿ ಪಾಯಿಂಟ್ ಹೊಡೆದರೆ ಮುಂದಿನ ಬಾರಿ ಬೆನ್ನ ಗಾಳಿ ಅವರದು. ಅವರೂ ಒಂದು ಹೊಡೆಯುತ್ತಾರೆ, ಕೊಟ್ಟು ತೆಗೆದುಕೊಂಡು ಸಮ. ಆದರೆ ಎದುರು ಗಾಳಿಯಲ್ಲಿ ಒಂದು ಪಾಯಿಂಟ್ ಹೊಡೆದಿರೋ, ಅವರು ಮತ್ತೆ ಎದುರು ಗಾಳಿಗೇ ಆಡಬೇಕು. ಅಂಥ ಎರಡು ಪಾಯಿಂಟ್ ಸಾಕು ಪಂದ್ಯ ತಿರುಗಲು. ಹಾಗಾಗಿ ಬೆನ್ನ ಗಾಳಿಯಲ್ಲಿ ಎದುರಾಳಿ ಇದ್ದಾಗ ಕಾಲಿನಲ್ಲಿ ಉಳಿದ ಬಲವನ್ನು ವ್ಯರ್ಥ ಮಾಡುವುದಕ್ಕಿಂತ, ಅವರು ಎದುರು ಗಾಳಿಗೆ ತಿರುಗಿದಾಗ ಝೋನ್ ಡಿಫೆನ್ಸ್ (ಒಬ್ಬೊಬ್ಬ ಆಟಗಾರರ ಬದಲು ಜಾಗವನ್ನು ಕಾಯುವುದು) ಹಾಕಿ ಒತ್ತಡ ಕೊಡಿ. ಮೂವರು ಎಸೆಯುವವರ ಎದುರು ಬಟ್ಟಲಿನ ಆಕಾರದಲ್ಲಿ ನಿಂತರೆ, ಗಾಳಿಯೇ ನಾಲ್ಕನೇ ಡಿಫೆಂಡರ್. ಒಂದು ಎಚ್ಚರ: ಮೂರು ಮೀಟರ್ ಒಳಗೆ ಒಬ್ಬರಿಗಿಂತ ಹೆಚ್ಚು ಮಂದಿ ಎಸೆಯುವವರನ್ನೇ ಕಾಯುವಂತಿಲ್ಲ, ಅದು ಡಬಲ್ ಟೀಮ್. ಉಳಿದಿಬ್ಬರು ದೂರ ಇರಲಿ, ಅಥವಾ ಬೇರೆ ಆಟಗಾರರನ್ನು ಕಾಯುತ್ತಿರಲಿ.

ಅಭ್ಯಾಸದ ಜಾಗದ್ದೊಂದು ಸಮಸ್ಯೆ ಇದ್ದೇ ಇದೆ. ಸಂಜೆಯಾದರೆ, ಭಾನುವಾರವಾದರೆ ಎಲ್ಲ ಮೈದಾನದಲ್ಲೂ ಕ್ರಿಕೆಟ್. ಜಗಳ ಬೇಡ, ಬೆಳಗ್ಗೆ ಆರಕ್ಕೆ ಹೋಗಿ. ಬೇಸಿಗೆಯಲ್ಲಿ ಎಂಟರ ಮೇಲೆ ಹೇಗೂ ಆಡಲು ಆಗುವುದಿಲ್ಲ. ಮಳೆ ಬಿದ್ದ ಮಾರನೇ ದಿನ ಎರೆಮಣ್ಣಿನ ಮೈದಾನ ಬಿಟ್ಟು ಕೆಂಪು ಮಣ್ಣಿನದನ್ನು ಹುಡುಕಿ. ಎರೆ ಬೂಟಿಗೆ ಮೆತ್ತಿಕೊಂಡರೆ ಕಾಲು ಹೊರಳುತ್ತದೆ.

ಟೂರ್ನಮೆಂಟಿಗೆ ಎರಡು ಮೂರು ವಾರ ಮುಂಚೆ ಒಂದು ಭಾನುವಾರ ಚಿತ್ರದುರ್ಗದವರು ದಾವಣಗೆರೆಗೆ ಬರಲಿ, ಅಥವಾ ಇಲ್ಲಿಯವರು ಅಲ್ಲಿಗೆ ಹೋಗಲಿ. 60 ಕಿಲೋಮೀಟರ್ ದಾರಿ, ಬಸ್ಸಿಗೇನೂ ಬರವಿಲ್ಲ. ಒಂದೇ ದಿನ ಮೂರು ಪಂದ್ಯ ಆಡಿ. ಮೂರನೇ ಪಂದ್ಯದಲ್ಲಿ ಮೈ ಹೇಗಿರುತ್ತದೆ ಎಂಬುದು ಪ್ರಾಕ್ಟೀಸಿನಲ್ಲೇ ಗೊತ್ತಾಗಬೇಕು.

ನಿಯಮ ಓದದೆ ಬಸ್ಸು ಹತ್ತಬೇಡಿ

ವಿಶ್ವ ಫ್ಲೈಯಿಂಗ್ ಡಿಸ್ಕ್ ಫೆಡರೇಷನ್ನಿನ ನಿಯಮಪುಸ್ತಕ ಅದರ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ತಂಡದ ಎಲ್ಲರೂ ಓದಬೇಕು, ನಾಯಕರು ಮಾತ್ರ ಅಲ್ಲ. ರೆಫರಿ ಇಲ್ಲದ ಆಟದಲ್ಲಿ ನಿಯಮ ಗೊತ್ತಿಲ್ಲದವರು ಎದುರಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ, ಇಲ್ಲವೇ ಎಲ್ಲದಕ್ಕೂ ಜಗಳಕ್ಕೆ ನಿಲ್ಲುತ್ತಾರೆ. ಎರಡೂ ತಂಡಕ್ಕೆ ಕೆಟ್ಟದ್ದೇ.

ಫೌಲ್, ಪಿಕ್, ಟ್ರಾವೆಲ್ (ಡಿಸ್ಕ್ ಹಿಡಿದು ಓಡುವುದು), ಸ್ಟಾಲ್ (ಹತ್ತು ಎಣಿಸಿದರೂ ಎಸೆಯದಿರುವುದು), ಡಬಲ್ ಟೀಮ್, ಡಿಸ್ಕ್ ಸ್ಪೇಸ್ (ಕಾಯುವವರು ಎಸೆಯುವವರಿಗೆ ತೀರಾ ಹತ್ತಿರ ನಿಲ್ಲುವುದು). ಮೊದಲ ಟೂರ್ನಮೆಂಟಿಗೆ ಈ ಆರು ಕರೆಗಳು ಬಾಯಿಗೆ ಬಂದರೆ ಸಾಕು. ಇವುಗಳಲ್ಲಿ ಹೊಸಬರನ್ನು ಜಾಸ್ತಿ ಗೊಂದಲಕ್ಕೆ ಬೀಳಿಸುವುದು ಪಿಕ್. ನೀವು ಕಾಯುತ್ತಿರುವ ಆಟಗಾರ್ತಿ ಮೂರು ಮೀಟರ್ ಒಳಗಿದ್ದಾಗ ನಡುವೆ ಬೇರೊಬ್ಬರು ಅಡ್ಡ ಬಂದು ನಿಮ್ಮ ದಾರಿ ಮುಚ್ಚಿದರೆ ಅದು ಪಿಕ್. ಅವಳು ಆಗಲೇ ಹತ್ತು ಮೀಟರ್ ಮುಂದೆ ಓಡಿಹೋಗಿದ್ದರೆ ಕರೆಯುವಂತಿಲ್ಲ.

ಫೌಲಿನ ಮಾತುಕತೆಯನ್ನು ಮೈದಾನದಲ್ಲೇ ಅಭ್ಯಾಸ ಮಾಡಿ, ಎಸೆತದ ಹಾಗೆಯೇ. ಇಬ್ಬರು ಡಿಸ್ಕಿಗೆ ಹಾರುತ್ತಾರೆ, ಭುಜಕ್ಕೆ ಭುಜ ತಾಗುತ್ತದೆ, ಡಿಸ್ಕ್ ಬೀಳುತ್ತದೆ. ಹಿಡಿಯಬೇಕಾದವಳು "ಫೌಲ್" ಎನ್ನುತ್ತಾಳೆ. ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಈಗ ಮಾತಾಡುವವರು ಇಬ್ಬರೇ. "ನಾನು ಹಾರಿದ ಮೇಲೆ ನಿನ್ನ ಭುಜ ನನ್ನ ಕೈಗೆ ಬಡಿಯಿತು, ಅದಕ್ಕೇ ಡಿಸ್ಕ್ ಜಾರಿತು." ಎದುರಿನವಳು ಒಪ್ಪಿದರೆ ಹಿಡಿಯಲು ಹೋದವಳಿಗೇ ಡಿಸ್ಕ್. "ಇಲ್ಲ, ನಾನು ಮೊದಲು ಅಲ್ಲಿ ಇದ್ದೆ, ನೀನೇ ಬಂದು ತಾಗಿದೆ" ಎಂದರೆ ಅದು ಕಾಂಟೆಸ್ಟ್, ಡಿಸ್ಕ್ ಎಸೆದವರಿಗೆ ವಾಪಸ್, ಆಟ ಮುಂದುವರಿಯಿತು. ಅರ್ಧ ನಿಮಿಷದ ಕೆಲಸ. ಸೈಡ್‌ಲೈನಿನಿಂದ ಹತ್ತು ಜನ ಕೂಗಬಾರದು, ದೂರದಿಂದ ನೋಡಿದ ಹುಡುಗರು ಬಂದು ವಕೀಲಿಕೆ ಮಾಡಬಾರದು. ಹತ್ತಿರದಿಂದ ನೋಡಿದವರನ್ನು ಆ ಇಬ್ಬರೇ ಕೇಳಿದರೆ ಮಾತ್ರ ಹೇಳಬೇಕು.

ಯಾವ ಭಾಷೆಯಲ್ಲಿ ಮಾತಾಡುವುದು ಎಂಬ ಅಳುಕು ನಮ್ಮ ಹುಡುಗರಿಗೆ ಬಹಳ ಇರುತ್ತದೆ. ಎದುರಿನ ತಂಡ ಪಟಪಟನೆ ಇಂಗ್ಲಿಷ್ ಮಾತಾಡಿದ ಕೂಡಲೇ ಸರಿಯಾದ ಕರೆಯನ್ನೂ ಬಿಟ್ಟುಕೊಡುತ್ತಾರೆ. ಇದು ನನಗೆ ಸೋಲಿಗಿಂತ ಹೆಚ್ಚು ಸಂಕಟ ಕೊಡುವ ವಿಷಯ. ಬೆಂಗಳೂರಿನ ತಂಡಗಳಲ್ಲಿ ಕನ್ನಡ ಬರುವವರು ಒಬ್ಬರಾದರೂ ಸಿಗುತ್ತಾರೆ. "ನಾನು ಕನ್ನಡದಲ್ಲಿ ಹೇಳ್ತೀನಿ, ಯಾರಾದರೂ ಹೇಳಿಬಿಡಿ" ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೈಸನ್ನೆಗಳೂ ಇವೆ, ಕಲಿತುಕೊಳ್ಳಿ. ಇನ್ನು ಸೈಡ್‌ಲೈನಿನಿಂದ ನಮ್ಮವರಿಗೆ ಕೂಗುವುದು ಪೂರ್ತಿ ಕನ್ನಡದಲ್ಲೇ ಇರಲಿ. "ಹಿಂದೆ ಬಂದಳು", "ಎಡಕ್ಕೆ ಬಿಡಬೇಡ", "ಡಿಸ್ಕ್ ಹಾರ್ತು". ಕಿವಿಗೆ ಬಿದ್ದ ತಕ್ಷಣ ಕಾಲು ತಿರುಗುತ್ತದೆ.

ಕಾಗದ, ಟಿಕೆಟ್, ಚೀಲ

ವಿಟಿಯು ಕಾಲೇಜುಗಳಲ್ಲಿ ಶೇ 85 ಹಾಜರಾತಿ ಬೇಕು. ಶುಕ್ರವಾರ ಮಧ್ಯಾಹ್ನ, ಕೆಲವೊಮ್ಮೆ ಸೋಮವಾರ ಬೆಳಗ್ಗೆ ತಪ್ಪುತ್ತದೆ. ಆದ್ದರಿಂದ ಫಿಸಿಕಲ್ ಡೈರೆಕ್ಟರ್ ಅವರಿಂದ ಓಡಿ (ಆನ್ ಡ್ಯೂಟಿ) ಪತ್ರವನ್ನು ಹೋಗುವ ಮುಂಚೆಯೇ ಬರೆಸಿಕೊಳ್ಳಿ. ಇಂಟರ್ನಲ್ಸ್ ವಾರದ ಟೂರ್ನಮೆಂಟ್ ಬಿಟ್ಟುಬಿಡಿ.

ಬೆಂಗಳೂರು ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್. ಶುಕ್ರವಾರ ಮಧ್ಯರಾತ್ರಿ ಬಸ್ಸು ಹತ್ತಿ, ಬೆಳಗಿನ ಜಾವ ಇಳಿದು, ಏಳಕ್ಕೆ ಮೈದಾನಕ್ಕೆ ಹೋಗುವ ಯೋಜನೆ ಕೇಳಲು ಉಳಿತಾಯದ್ದು. ಒಂದು ರಾತ್ರಿಯ ರೂಮ್ ಬಾಡಿಗೆ ಉಳಿಯುತ್ತದೆ, ಎರಡು ದಿನದ ಆಟ ಹೋಗುತ್ತದೆ. ಶುಕ್ರವಾರ ಮಧ್ಯಾಹ್ನದ ರೈಲಿಗೋ ಬಸ್ಸಿಗೋ ಹೊರಟು, ರಾತ್ರಿ ಹತ್ತಕ್ಕೆ ಹಾಸಿಗೆ ಸೇರಿ. ರೈಲಿನ ಮುಂಗಡ ಬುಕ್ಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಹದಿನಾರು ಸೀಟು ಒಟ್ಟಿಗೆ ಬೇಕಾದಾಗ ತತ್ಕಾಲ್ ನಂಬಿ ಕೂರುವುದು ಬೇಡ.

ಚೀಲದಲ್ಲಿ ಏನಿರಬೇಕು ಎಂಬುದನ್ನು ಎಲ್ಲರೂ ಬಲ್ಲರು, ಮರೆಯುವುದನ್ನು ಮಾತ್ರ ಹೇಳುತ್ತೇನೆ. ಒಂದು ತಿಳಿಬಣ್ಣ, ಒಂದು ಗಾಢಬಣ್ಣ, ಹೀಗೆ ಎರಡು ಜೆರ್ಸಿ, ಎರಡರಲ್ಲೂ ನಂಬರ್. ಮೂರು ಜೊತೆ ಕಾಲುಚೀಲ, ಒದ್ದೆ ಕಾಲುಚೀಲದಲ್ಲಿ ಎರಡನೇ ಪಂದ್ಯಕ್ಕೇ ಬೊಕ್ಕೆ ಏಳುತ್ತವೆ. ಫುಟ್‌ಬಾಲ್ ಸ್ಟಡ್ಸ್ ಸಾಕು, ಪ್ಲಾಸ್ಟಿಕ್ ಹಲ್ಲಿನದು, ಲೋಹದ್ದು ಬೇಡ. ಮ್ಯಾಚಿನ ನಡುವೆ ಹಾಕಿಕೊಳ್ಳಲು ಚಪ್ಪಲಿ. ತಂಡಕ್ಕೊಂದು ದೊಡ್ಡ ಟಾರ್ಪಾಲು ಮತ್ತು ಹಗ್ಗ, ಏಕೆಂದರೆ ಎಲ್ಲ ಮೈದಾನದಲ್ಲೂ ಮರ ಇರುವುದಿಲ್ಲ. ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನ್ ಅಲ್ಲೇ ಕೊಳ್ಳಿ, ಪ್ರತಿಯೊಬ್ಬರ ಹೆಸರು ಬರೆದ ಬಾಟಲಿ ಇಲ್ಲಿಂದಲೇ ಬರಲಿ.

ಏನು ತಿನ್ನಬೇಕು

ಮೈದಾನದ ಪಕ್ಕ ಏನು ಸಿಗುತ್ತದೋ ನೋಡೋಣ ಎಂದು ಹೋದರೆ ಸಮೋಸ, ಪಫ್ಸ್, ಕೋಲ್ಡ್ ಡ್ರಿಂಕ್ ಸಿಗುತ್ತವೆ. ನಮ್ಮ ಕಡೆಯ ಮನೆ ಊಟವೇ ಇದಕ್ಕೆ ಹೇಳಿ ಮಾಡಿಸಿದ್ದು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಎರಡು ದಿನವಲ್ಲ, ವಾರ ಕೆಡುವುದಿಲ್ಲ. ಶುಕ್ರವಾರ ರಾತ್ರಿ, ಶನಿವಾರ ರಾತ್ರಿಯ ಊಟಕ್ಕೆ ಅದು. ಬೆಳಗ್ಗೆ ಮೊದಲ ಪಂದ್ಯಕ್ಕೆ ಎರಡು ಗಂಟೆ ಮುಂಚೆ ಇಡ್ಲಿ, ಬಾಳೆಹಣ್ಣು. ವಡೆ ಬೇಡ. ಪಂದ್ಯಗಳ ನಡುವೆ ಒಂದು ಗಂಟೆಯೇ ಬಿಡುವಿದ್ದರೆ ಬಾಳೆಹಣ್ಣು, ಶೇಂಗಾ ಚಿಕ್ಕಿ ಅರ್ಧ, ಉಪ್ಪು ಹಾಕಿದ ಮಜ್ಜಿಗೆ. ಎರಡೂವರೆ ಗಂಟೆ ಬಿಡುವಿದ್ದರೆ ಮೊಸರನ್ನ ಅಥವಾ ಚಿತ್ರಾನ್ನ, ಹೊಟ್ಟೆಯ ಅರ್ಧದಷ್ಟು.

ಒಗ್ಗರಣೆ ಮಂಡಕ್ಕಿಯ ಪೊಟ್ಟಣ ಟಾರ್ಪಾಲಿನ ಕೆಳಗೆ ಇರಲಿ, ಹಗುರ, ಉಪ್ಪೂ ಸಿಗುತ್ತದೆ. ಆದರೆ ಜೊತೆಗೆ ಮಿರ್ಚಿ ಬೇಡ. ದಾವಣಗೆರೆಯವರಿಗೆ ಇದು ಕಠಿಣ ನಿಯಮ ಎಂದು ನನಗೆ ಗೊತ್ತು. ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಹೊಟ್ಟೆಯಲ್ಲಿಟ್ಟುಕೊಂಡು ಬಿಸಿಲಲ್ಲಿ ಓಡಿದವರ ಎದೆಯುರಿ ಪಂದ್ಯ ಮುಗಿಯುವವರೆಗೂ ಇಳಿಯುವುದಿಲ್ಲ. ಬೆಣ್ಣೆ ದೋಸೆಯೂ ಹಾಗೆಯೇ, ಊರಿಗೆ ವಾಪಸ್ ಬಂದ ಮೇಲೆ ಎಷ್ಟು ಬೇಕಾದರೂ ತಿನ್ನಿ.

ನೀರನ್ನು ಬಾಯಾರಿದಾಗ ಕುಡಿದರೆ ತಡವಾಗಿರುತ್ತದೆ. ಪಾಯಿಂಟ್ ಆಡಿ ಹೊರಬಂದ ಪ್ರತಿ ಸಲ ಎರಡು ಮೂರು ಗುಟುಕು. ಬರೀ ನೀರು ಸಾಲದು, ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಮುಗಿದುಹೋದರೆ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಮೂತ್ರ ಗಾಢ ಹಳದಿ ಆಗಿದ್ದರೆ ಇನ್ನೂ ಕುಡಿಯಬೇಕು ಎಂದರ್ಥ. ಹುಡುಗಿಯರು ಶೌಚಾಲಯ ಸರಿಯಿಲ್ಲ ಎಂದು ನೀರು ಕುಡಿಯದೆ ಇದ್ದುಬಿಡುತ್ತಾರೆ. ನಾಯಕರು ಬೆಳಗ್ಗೆ ಬಂದ ಕೂಡಲೇ ಮೊದಲು ಶೌಚಾಲಯ ನೋಡಿ, ಚೆನ್ನಾಗಿಲ್ಲದಿದ್ದರೆ ಸಂಘಟಕರಿಗೆ ಹೇಳಿ ಸರಿಮಾಡಿಸಲಿ. ವಾರ್ಮಪ್‌ಗಿಂತ ಮುಂಚಿನ ಕೆಲಸ ಇದು.

ಶನಿವಾರ: ಒಂದು ಹಾಳೆ, ಒಂದು ಪೆನ್ನು

ಶನಿವಾರ ಸಾಮಾನ್ಯವಾಗಿ ಪೂಲ್ (ಗುಂಪು ಹಂತದ) ಪಂದ್ಯಗಳು, ಮೂರು ಅಥವಾ ನಾಲ್ಕು. ಅವುಗಳ ಫಲಿತಾಂಶದ ಮೇಲೆ ಭಾನುವಾರ ಯಾರ ವಿರುದ್ಧ ಆಡುತ್ತೀರಿ ಎಂದು ತೀರ್ಮಾನವಾಗುತ್ತದೆ. ಸಮ ಬಂದರೆ ಗೋಲ್ ವ್ಯತ್ಯಾಸ ನೋಡುತ್ತಾರೋ, ಪರಸ್ಪರ ಪಂದ್ಯ ನೋಡುತ್ತಾರೋ ಎಂಬುದನ್ನು ಬೆಳಗಿನ ನಾಯಕರ ಸಭೆಯಲ್ಲೇ ಕೇಳಿಕೊಳ್ಳಿ. ಸೋಲುವ ಪಂದ್ಯದ ಕೊನೆಯ ಎರಡು ಪಾಯಿಂಟಿಗೆ ಬೆಲೆ ಇದೆಯೋ ಇಲ್ಲವೋ ಅದರಿಂದ ಗೊತ್ತಾಗುತ್ತದೆ.

ಈಗ ಆ ಹಾಳೆ. ಎಡಗಡೆ ಎಲ್ಲರ ಹೆಸರು, ಹುಡುಗಿಯರು ಮೇಲೆ, ಹುಡುಗರು ಕೆಳಗೆ. ಪ್ರತಿ ಪಾಯಿಂಟಿಗೆ ಒಂದು ಕಂಬ (ಕಾಲಂ). ಆಡಿದವರ ಹೆಸರಿನ ಮುಂದೆ ಒಂದು ಗೆರೆ. ಕಂಬದ ತುದಿಯಲ್ಲಿ ಸ್ಕೋರು ಮತ್ತು ಗಾಳಿಯ ದಿಕ್ಕಿಗೆ ಒಂದು ಬಾಣ. ಇದನ್ನು ಬರೆಯುವವರು ಆಡುವ ನಾಯಕರಾಗಬಾರದು. ಮಂಡಿ ನೋವಿಗೆ ಕೂತ ಸೀನಿಯರ್ ಇರಬಹುದು, ಜೊತೆಗೆ ಬಂದ ಗೆಳತಿ ಇರಬಹುದು. ಹಾಫ್ ಟೈಮಿನಲ್ಲಿ ಹಾಳೆ ನೋಡಿದರೆ ಯಾರ ಮುಂದೆ ಹತ್ತು ಗೆರೆ, ಯಾರ ಮುಂದೆ ಎರಡು ಎಂದು ಒಂದೇ ನೋಟಕ್ಕೆ ಕಾಣುತ್ತದೆ. ಚೆನ್ನಾಗಿ ಎಸೆಯುವ ಮೂವರನ್ನೇ ಪ್ರತಿ ಪಾಯಿಂಟಿಗೂ ಇಳಿಸುವ ಆಸೆ ಎಲ್ಲ ನಾಯಕರಿಗೂ ಬರುತ್ತದೆ. ಹಾಳೆ ಕೈಯಲ್ಲಿದ್ದರೆ ಆ ಆಸೆಗೆ ಕಡಿವಾಣ ಬೀಳುತ್ತದೆ.

ಹೊಸಬರನ್ನು ಇಳಿಸುವುದು ಯಾವಾಗ? ಸೋಲು ಖಚಿತವಾದ ಮೇಲೆ ಮಾತ್ರ ಎಂದರೆ ಅವರಿಗೆ ಅದು ಶಿಕ್ಷೆಯ ಹಾಗೆ ಅನ್ನಿಸುತ್ತದೆ. ಮೊದಲ ಪಂದ್ಯದ ಮೂರನೇ ನಾಲ್ಕನೇ ಪಾಯಿಂಟಿಗೇ, ಅದರಲ್ಲೂ ಬೆನ್ನ ಗಾಳಿಯಲ್ಲಿ, ಇಬ್ಬರು ಅನುಭವಿಗಳ ಜೊತೆ ಇಳಿಸಿ. ಒಂದು ಡಿಸ್ಕ್ ಹಿಡಿದರೂ ಸಾಕು, ಉಳಿದ ವಾರಾಂತ್ಯವೆಲ್ಲ ಅವರು ನಿಮ್ಮವರು.

ಪಂದ್ಯ ಮುಗಿದ ಕೂಡಲೇ ಬೂಟು ಬಿಚ್ಚಿ ನೆರಳಿಗೆ ಹೋಗಿ. ಹೊಸ ತಂಡಗಳು ಬಿಡುವಿನಲ್ಲೂ ಬಿಸಿಲಲ್ಲಿ ನಿಂತು ಪಕ್ಕದ ಮೈದಾನದ ಆಟ ನೋಡುತ್ತಾ, ಡಿಸ್ಕ್ ಎಸೆಯುತ್ತಾ ಕಾಲ ಕಳೆಯುತ್ತವೆ. ಹತ್ತು ನಿಮಿಷ ಕಾಲು ಮೇಲೆತ್ತಿ ಮಲಗಿ. ಮುಂದಿನ ಎದುರಾಳಿಯ ಆಟ ನೋಡಲು ಇಬ್ಬರನ್ನು ಮಾತ್ರ ಕಳಿಸಿ, ಯಾರು ಉದ್ದ ಎಸೆಯುತ್ತಾರೆ, ಯಾರು ಎಡಗೈ ಎಂದು ನೋಡಿ ಬರಲಿ.

ಸ್ಪಿರಿಟ್ ಸರ್ಕಲ್

ಪಂದ್ಯದ ನಂತರ ಎರಡೂ ತಂಡದವರು ಒಬ್ಬರ ಪಕ್ಕ ಒಬ್ಬರು ಬೆರೆತು, ಹೆಗಲಿಗೆ ಕೈ ಹಾಕಿ ಒಂದೇ ವೃತ್ತದಲ್ಲಿ ನಿಲ್ಲುತ್ತಾರೆ. ಬೆವರಿದ ಅಂಗಿ, ಕೆಂಪು ಮಣ್ಣು, ಈಗಷ್ಟೇ ಡಿಕ್ಕಿ ಹೊಡೆದವನ ತೋಳು ನಿಮ್ಮ ಕುತ್ತಿಗೆಯ ಮೇಲೆ. ಎರಡೂ ನಾಯಕರು ಮಾತಾಡುತ್ತಾರೆ. "ಚೆನ್ನಾಗಿ ಆಡಿದಿರಿ" ಎಂದಷ್ಟೇ ಹೇಳಿ ಮುಗಿಸಬೇಡಿ. ಒಂದು ನಿರ್ದಿಷ್ಟ ಘಟನೆ ಹೇಳಿ: "ಹನ್ನೊಂದನೇ ಪಾಯಿಂಟಿನಲ್ಲಿ ಡಿಸ್ಕ್ ಗೆರೆಯ ಹೊರಗಿತ್ತು ಎಂದು ನಿಮ್ಮ ಏಳನೇ ನಂಬರಿನವರೇ ಒಪ್ಪಿಕೊಂಡರು, ನಾವು ನೋಡಿರಲೇ ಇಲ್ಲ." ಕಹಿ ಇದ್ದರೆ ಅದನ್ನೂ ಇಲ್ಲೇ ಹೇಳಿ, ಶಾಂತವಾಗಿ. ಬಸ್ಸಿನಲ್ಲಿ ಕೂತು ಗೊಣಗುವುದಕ್ಕಿಂತ ಅದು ಮೇಲು.

ಆಮೇಲೆ ಸ್ಪಿರಿಟ್ ಅಂಕ, ಅಂದರೆ ಎದುರು ತಂಡ ಆಡಿದ ರೀತಿಗೆ ನೀವು ಕೊಡುವ ಅಂಕ. ಐದು ವಿಷಯ: ನಿಯಮದ ತಿಳಿವಳಿಕೆ ಮತ್ತು ಬಳಕೆ, ಫೌಲ್ ಮತ್ತು ಮೈ ತಾಗಿಸುವುದು, ನ್ಯಾಯಬುದ್ಧಿ, ಒಳ್ಳೆಯ ಮನೋಭಾವ ಮತ್ತು ಸಂಯಮ, ಸಂವಹನ. ಪ್ರತಿಯೊಂದಕ್ಕೂ 0ಯಿಂದ 4. ಎರಡು ಅಂದರೆ ಒಳ್ಳೆಯ, ಸಾಮಾನ್ಯ ಆಟ. ಹಾಗಾಗಿ 20ಕ್ಕೆ 10 ಬಂದರೆ ಬೇಸರ ಬೇಡ, ಪರೀಕ್ಷೆಯ ಅಂಕದ ಹಾಗೆ ಓದಬೇಡಿ. ಸೋತ ಸಿಟ್ಟಿನಲ್ಲಿ ಬೇರೆಯವರಿಗೆ ಅಂಕ ಕತ್ತರಿಸುವುದೂ ಬೇಡ. ಇಡೀ ತಂಡ ಕೂತು ಐದೂ ವಿಷಯ ಓದಿ ಹಾಕಿ. ಈ ಆಟ ಬೇರೆ ಆಟಗಳಿಗಿಂತ ನನಗೆ ಪ್ರಿಯವಾಗಿರುವುದು ಈ ಹತ್ತು ನಿಮಿಷಕ್ಕೆ.

ಶನಿವಾರ ರಾತ್ರಿ

ಸ್ನಾನ, ಊಟ, ಹತ್ತು ನಿಮಿಷ ಸ್ಟ್ರೆಚಿಂಗ್, ನಿದ್ದೆ. ಊರು ಸುತ್ತಲು ಹೋಗುವವರನ್ನು ತಡೆಯುವುದು ಕಷ್ಟ, ಹತ್ತರೊಳಗೆ ವಾಪಸ್ ಎಂದು ಮೊದಲೇ ಒಪ್ಪಿಸಿಕೊಳ್ಳಿ. ಆಟದ ವಿಮರ್ಶೆ ರಾತ್ರಿ ಬೇಡ. ದಣಿದಾಗ ಆಡುವ ಮಾತು ಚುಚ್ಚುತ್ತದೆ.

ಭಾನುವಾರ

ಮೊದಲ ಪಂದ್ಯಕ್ಕೆ ಮೈ ಬಗ್ಗುವುದಿಲ್ಲ. ವಾರ್ಮಪ್ ಶನಿವಾರಕ್ಕಿಂತ ಹತ್ತು ನಿಮಿಷ ಜಾಸ್ತಿ ಇರಲಿ, ನಿಧಾನವಾಗಿ ಶುರುವಾಗಲಿ. ಶನಿವಾರದ ಹಾಳೆ ತೆಗೆದು, ಕಡಿಮೆ ಗೆರೆ ಇರುವವರನ್ನು ಮೊದಲ ಮೂರು ನಾಲ್ಕು ಪಾಯಿಂಟಿಗೆ ಹಾಕಿ. ಮಧ್ಯಾಹ್ನದ ನಿರ್ಣಾಯಕ ಪಂದ್ಯಕ್ಕೆ ನಿಮ್ಮ ಹ್ಯಾಂಡ್ಲರುಗಳ (ಡಿಸ್ಕ್ ಎಸೆದು ಆಟ ನಡೆಸುವವರ) ಕಾಲು ಉಳಿಯುವುದು ಹೀಗೆ. ಎದುರಾಳಿ ದಣಿದಿದ್ದಾರೆ ಎಂದು ಕಂಡರೆ ಉದ್ದ ಎಸೆತಕ್ಕೆ ಆತುರ ಪಡಬೇಡಿ. ಸಣ್ಣ ಸಣ್ಣ ಪಾಸಿನಲ್ಲಿ ಡಿಸ್ಕನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತಿರುಗಿಸಿ. ಪ್ರತಿ ಸಲ ಡಿಸ್ಕ್ ಪಕ್ಕ ಬದಲಿಸಿದಾಗ ಅವರ ಏಳೂ ಜನ ಜಾಗ ಬದಲಿಸಬೇಕು. ಟೈಮ್‌ಔಟುಗಳನ್ನು ಕೊನೆಗೆ ಉಳಿಸಿಕೊಳ್ಳಿ. ಉದ್ದದ ಪಾಯಿಂಟಿನ ನಡುವೆ ಡಿಸ್ಕ್ ನಮ್ಮ ಕೈಯಲ್ಲಿದ್ದಾಗ ಕರೆದ ಟೈಮ್‌ಔಟ್ ಒಂದು ಬಾಟಲಿ ನೀರಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಪೆಟ್ಟುಗಳ ವಿಷಯದಲ್ಲಿ ರಾಜಿ ಬೇಡ. ಕಾಲು ಉಳುಕಿದರೆ ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಐಸ್ 15-20 ನಿಮಿಷ, ಕ್ರೇಪ್ ಬ್ಯಾಂಡೇಜ್, ಕಾಲು ಎತ್ತರದಲ್ಲಿ. ನಾಲ್ಕು ಹೆಜ್ಜೆ ಊರಿ ನಡೆಯಲು ಆಗದಿದ್ದರೆ ಎಕ್ಸ್‌ರೇ. ತಲೆಗೆ ಪೆಟ್ಟು ಬಿದ್ದು ಮಂಕು, ವಾಂತಿ, ತಲೆಸುತ್ತು ಕಂಡರೆ ಆ ದಿನ ಮತ್ತೆ ಇಳಿಸಬೇಡಿ, ಫೈನಲ್ ಆದರೂ ಸರಿ. ಬಿಸಿಲಿಗೆ ಮಾತು ತೊದಲಿದರೆ, ಗಲಿಬಿಲಿಯಾದರೆ ಮೈಮೇಲೆ ನೀರು ಸುರಿಯುತ್ತಾ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಹತ್ತಿರದ ಆಸ್ಪತ್ರೆ ಎಲ್ಲಿದೆ ಎಂದು ಶನಿವಾರ ಬೆಳಗ್ಗೆಯೇ ಗೊತ್ತಿರಬೇಕು. ಆಂಬುಲೆನ್ಸಿಗೆ 108.

ವಾಪಸ್ ಬರುವಾಗ

ಬಸ್ಸು ತುಮಕೂರು ದಾಟುವುದರೊಳಗೆ ಅರ್ಧ ತಂಡ ನಿದ್ದೆ ಹೋಗಿರುತ್ತದೆ. ಅದಕ್ಕೆ ಮೊದಲೇ ಖರ್ಚಿನ ಲೆಕ್ಕ ಮುಗಿಸಿ, ಯಾರು ಯಾರಿಗೆ ಎಷ್ಟು ಕೊಡಬೇಕು ಎಂದು ಗುಂಪಿನಲ್ಲಿ ಹಾಕಿಬಿಡಿ. ಎರಡೂ ದಿನದ ಹಾಳೆಗಳ ಫೋಟೋ ತೆಗೆದಿಡಿ. ಬುಧವಾರ ಅಥವಾ ಗುರುವಾರ, ಮೈನೋವು ಇಳಿದ ಮೇಲೆ, ಎಲ್ಲರೂ ಕೂತು ಆ ಹಾಳೆ ಮುಂದಿಟ್ಟುಕೊಂಡು ಮಾತಾಡಿ: ಎದುರು ಗಾಳಿಯಲ್ಲಿ ಎಷ್ಟು ಪಾಯಿಂಟ್ ಬಂತು, ಯಾವ ಪಂದ್ಯದಲ್ಲಿ ಯಾರು ಜಾಸ್ತಿ ಓಡಿದರು, ಮುಂದಿನ ಸಲ ಇನ್ನೂ ಯಾರು ಬೇಕು. ಫಿಸಿಕಲ್ ಡೈರೆಕ್ಟರ್ ಅವರಿಗೆ ಫಲಿತಾಂಶದ ಜೊತೆ ಸ್ಪಿರಿಟ್ ಅಂಕವನ್ನೂ ಬರೆದು ಕೊಡಿ, ಮುಂದಿನ ಓಡಿ ಪತ್ರ ಕೇಳುವಾಗ ಅನುಕೂಲ. ಡಿಸ್ಕ್ ಚೀಲವನ್ನು ಎರಡನೇ ವರ್ಷದ ಒಬ್ಬರ ಕೈಗೆ ಕೊಡಿ. ಅಂತಿಮ ವರ್ಷದವರ ರೂಮಿನಲ್ಲಿಟ್ಟರೆ ಪರೀಕ್ಷೆ ಮುಗಿದು ಅವರು ಊರಿಗೆ ಹೊರಟಾಗ ಚೀಲವೂ ಅವರ ಜೊತೆ ಹೋಗಿಬಿಡುತ್ತದೆ.